ಮಕಾವ್‌ನಲ್ಲಿ ಜೂಜಿಗಿಂತ ತಿಂಡಿ ಮೊದಲು

ಮಕಾವ್‌ಗೆ ಹೋಗಿ ಕ್ಯಾಸಿನೊ ನೋಡಬೇಡಿ ಎಂದರೆ ಯಾರು ಕೇಳುತ್ತಾರೆ? ನೋಡಿ. 21 ತುಂಬದ ಮಕ್ಕಳಿಗೆ ಮಾತ್ರ ಒಳಗೆ ಪ್ರವೇಶವಿಲ್ಲ. ಆಮೇಲೆ ಸೆನಾಡೊ ಚೌಕದ ಅಲೆಅಲೆ ಕಲ್ಲುಹಾಸಿನ ಮೇಲೆ ನಡೆಯುತ್ತ ಸೇಂಟ್ ಪಾಲ್ ಚರ್ಚಿನತ್ತ ಹೊರಡಿ. 1835ರ ಬೆಂಕಿಯ ನಂತರ ಉಳಿದದ್ದು ಅದರ ಮುಂಗೋಡೆಯಷ್ಟೇ. ದಾರಿಯಲ್ಲಿ ಅಂಗಡಿಯವರು ಒಣಮಾಂಸದ ತುಣುಕು ಕತ್ತರಿಸಿ ರುಚಿಗೆ ಕೊಡುತ್ತಾರೆ. ಹಂದಿಯದೋ ದನದ್ದೋ, ಕೇಳಿಕೊಂಡೇ ಬಾಯಿಗಿಡಿ. ಸಸ್ಯಾಹಾರಿಗಳೇ, ಸಾಧುವಾಗಿ ಕಾಣುವ ಬಾದಾಮಿ ಬಿಸ್ಕತ್ತಿನಲ್ಲೂ ಕೆಲವೆಡೆ ಹಂದಿಕೊಬ್ಬು ಇರುತ್ತದೆ, ಹುಷಾರು!

ಮೊಟ್ಟೆ ತಿನ್ನುವವರು ಎಗ್ ಟಾರ್ಟ್‌ಗೆ ಕೊಲೊವಾನ್ ಹಳ್ಳಿಗೇ ಹೋಗಬೇಕು. ಆಂಡ್ರ್ಯೂ ಸ್ಟೋ ಎಂಬ ಇಂಗ್ಲೆಂಡಿನವರು 1989ರಲ್ಲಿ ತೆರೆದ ಬೇಕರಿ ಅಲ್ಲಿದೆ. ಮೇಲೆ ಕಪ್ಪು ಕಲೆ ಕಂಡರೆ ಸೀದಿದೆಯೆಂದು ವಾಪಸು ಮಾಡಬೇಡಿ, ಅದೇ ಅದರ ಗತ್ತು. ಹೋಟೆಲಿಗೆ ಕಟ್ಟಿಸಿಕೊಳ್ಳದೆ ಬಿಸಿಬಿಸಿಯಾಗಿ ನಿಂತಲ್ಲೇ ತಿನ್ನಿ.