ಜೆಬೆಲ್ ಹಫೀತ್‌ಗೆ ಅಪ್ಪ ಅಮ್ಮನ ಜೊತೆ ಹೊರಟವನಿಗೆ

ಅಣ್ಣ ಅತ್ತಿಗೆ, ಅಂದರೆ ನಿನ್ನ ಅಪ್ಪ ಅಮ್ಮ, ಡಿಸೆಂಬರಿನಲ್ಲಿ ದುಬೈಗೆ ಬರುತ್ತಾರಂತೆ, ನೀನು ಅವರನ್ನು ಅಲ್ ಐನ್‌ನ ಜೆಬೆಲ್ ಹಫೀತ್‌ಗೆ ಕರೆದುಕೊಂಡು ಹೋಗುತ್ತೀಯಂತೆ. ಒಳ್ಳೆಯದೇ. ಊರಿಂದ ಬಂದವರಿಗೆ ಬುರ್ಜ್ ಖಲೀಫಾ ತೋರಿಸಿ, ಎರಡು ಮಾಲ್ ಸುತ್ತಿಸಿ ವಿಮಾನ ಹತ್ತಿಸುವವರೇ ಹೆಚ್ಚು. ಬೋಳು ನೆಲದಿಂದ ಮೇಲೆ ಎದ್ದು ನಿಂತ ಆ ಬೆಟ್ಟವನ್ನು ಅವರೂ ನೋಡಲಿ. ಆದರೆ ಮಾರಾಯ, ಅಣ್ಣನಿಗೆ ಸಕ್ಕರೆ ಕಾಯಿಲೆ, ಅತ್ತಿಗೆಗೆ ಮಂಡಿನೋವು. ಆ ದಿನವನ್ನು ನಿನ್ನ ಫೋಟೊಗಳಿಗೆ ಹೊಂದಿಸಬೇಡ, ಅವರ ಮೈಗೆ ಹೊಂದಿಸು.

ಮಧ್ಯಾಹ್ನ ಬೇಗ ಊಟ ಮುಗಿಸಿ ಹೊರಡಿ. ದುಬೈಯ ರಸ್ತೆಗಳಲ್ಲಿ ಫಲಕದ ವೇಗಕ್ಕಿಂತ 20 ಕಿ.ಮೀ. ಹೆಚ್ಚು ಹೋದರೂ ನಡೆಯುತ್ತದೆಂಬ ಅಭ್ಯಾಸ ನಿನಗೆ. ಅಬುಧಾಬಿ ಆ ರಿಯಾಯಿತಿಯನ್ನು 2018ರಲ್ಲೇ ತೆಗೆದುಹಾಕಿದೆ. ಅಲ್ ಐನ್ ಅಬುಧಾಬಿಗೆ ಸೇರಿದ ಊರು. ಗಡಿ ದಾಟಿದ್ದು ಗೊತ್ತಾಗುವುದು ದಂಡದ ಮೆಸೇಜ್ ಬಂದಾಗಲೇ!

ಎಲ್ಲರೂ ನೇರ ತುದಿಗೆ ಓಡುತ್ತಾರೆ. ನೀನು ಮೊದಲು ಬುಡದಲ್ಲಿ ನಿಲ್ಲು. ಅಲ್ಲಿ ಸುಮಾರು 5,000 ವರ್ಷ ಹಳೆಯ ಕಲ್ಲಿನ ಗೋರಿಗಳಿವೆ, ಗುಮ್ಮಟದ ಹಾಗೆ ಪೇರಿಸಿದವು. 1959ರಲ್ಲಿ ಡೆನ್ಮಾರ್ಕಿನ ಪುರಾತತ್ವಜ್ಞರು ಅಗೆಯಲು ಶುರು ಮಾಡಿದಾಗ ಮೆಸೊಪೊಟೇಮಿಯಾದ ಕಡೆಯ ಮಡಕೆಗಳೂ ಸಿಕ್ಕವು. 2011ರಲ್ಲಿ ಈ ಗೋರಿಗಳು ಯುನೆಸ್ಕೊ ಪಟ್ಟಿಗೂ ಸೇರಿವೆ. ಇತಿಹಾಸದ ಮೇಷ್ಟ್ರಾಗಿದ್ದ ಅಣ್ಣ ಅಲ್ಲಿಂದ ಬೇಗ ಕದಲುವುದಿಲ್ಲ, ಅವಸರ ಮಾಡಬೇಡ.

ಹತ್ತುವುದು ನಾಲ್ಕು ಗಂಟೆಯ ಮೇಲಿರಲಿ. ರಸ್ತೆ 11.7 ಕಿ.ಮೀ., ಅದರಲ್ಲಿ 60 ತಿರುವು. ಮೇಲೆ ಹೋಗಲು ಎರಡು ಲೇನ್, ಇಳಿಯಲು ಒಂದು. ಆಗುಂಬೆ ಘಾಟಿಯಲ್ಲಿ ಗಾಡಿ ಓಡಿಸಿದವನಿಗೆ ಇದು ರಾಜಮಾರ್ಗ, ಎಡವಟ್ಟಾಗುವುದೂ ಅದರಿಂದಲೇ. ಇಷ್ಟು ನುಣುಪು ರಸ್ತೆ ಕಂಡರೆ ಕಾಲು ತಾನಾಗಿ ಆಕ್ಸಲರೇಟರ್ ಒತ್ತುತ್ತದೆ, ಹಿಂದಿನ ಸೀಟಿನಲ್ಲಿ ಅತ್ತಿಗೆಗೆ ಹೊಟ್ಟೆ ತೊಳಸುತ್ತದೆ. ಸೈಕಲ್ ತುಳಿಯುವವರೂ ಇರುತ್ತಾರೆ, ಜಾಗ ಬಿಡು. ಇಳಿಯುವಾಗ ಬ್ರೇಕ್ ಒತ್ತಿಹಿಡಿದೇ ಬಂದರೆ ಅದು ಕಾದು ಹಿಡಿತ ಬಿಡುತ್ತದೆ. ನಿನ್ನದು ಆಟೋಮ್ಯಾಟಿಕ್ ಆದರೂ ಕೆಳಗಿನ ಗೇರಿಗೆ ಹಾಕಬಹುದು, ಹಾಕು.

ಡಿಸೆಂಬರಿನಲ್ಲಿ ಐದೂವರೆಯ ಸುಮಾರಿಗೆ ಹೊತ್ತು ಮುಳುಗುತ್ತದೆ. ನನ್ನನ್ನು ಕೇಳಿದರೆ ಮಧ್ಯಾಹ್ನದ ಮಸುಕಿನಲ್ಲಿ ಆ ತುದಿಯಿಂದ ನೋಡುವಂಥದ್ದೇನೂ ಇಲ್ಲ. ಸಂಜೆ ಗಾಳಿ ಜೋರು, ಅತ್ತಿಗೆಗೆ ಒಂದು ಶಾಲು ಇಟ್ಟುಕೋ.

ಇಳಿದ ಮೇಲೆ ಗ್ರೀನ್ ಮುಬಝರಾ. ಬಿಸಿನೀರಿನ ಬುಗ್ಗೆ ಎಂದಕೂಡಲೇ ಅತ್ತಿಗೆಗೆ ಪುತ್ತೂರಿನ ಕಡೆಯ ಬೆಂದ್ರು ತೀರ್ಥ ನೆನಪಾಗಿ ತೆಂಗಿನಕಾಯಿ ಹಿಡಿದು ಹೊರಟಾರು! ಮೊದಲೇ ಹೇಳಿಬಿಡು, ಇಲ್ಲಿ ಗುಡಿಯಿಲ್ಲ. ಹುಲ್ಲುಹಾಸು, ನಡುವೆ ಬಿಸಿನೀರು ಹರಿಯುವ ಕಾಲುವೆ, ಸುತ್ತ ಚಾಪೆ ಹಾಸಿ ಕೂತ ಸಂಸಾರಗಳು. ಮೀಯುವ ಕೊಳಗಳು ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಜ್ವಾಲಾಮುಖಿ ಏನೂ ಇಲ್ಲ. ನೆಲದಾಳಕ್ಕೆ ಇಳಿದ ನೀರು ಅಲ್ಲಿನ ಶಾಖಕ್ಕೆ ಕಾದು ಬಿರುಕುಗಳಲ್ಲಿ ಮೇಲೆ ಬರುತ್ತದೆ.

ಕಾಲುವೆಯ ಪಕ್ಕ ಕೂತು ಪಾದ ಇಳಿಬಿಟ್ಟರೆ ಇವರಿಬ್ಬರಿಗೂ ಸಾಕು. ಒಂದು ಮಾತು ಮಾತ್ರ ಮರೆಯಬೇಡ: ಸಕ್ಕರೆ ಕಾಯಿಲೆಯವರ ಪಾದಕ್ಕೆ ಸ್ಪರ್ಶ ಕಮ್ಮಿಯಾಗಿರಬಹುದು, ನೀರು ಸುಡುತ್ತಿದ್ದರೂ ಗೊತ್ತಾಗುವುದಿಲ್ಲ. ಮೊದಲು ನಿನ್ನ ಮೊಣಕೈ ಅದ್ದಿ ನೋಡು, ಆಮೇಲೆ ಅಣ್ಣನ ಕಾಲು. ಐದಾರು ನಿಮಿಷಕ್ಕೆ ಎತ್ತಿಸು, ಒರೆಸಿ, ಅಂಗಾಲು ಕೆಂಪಾಗಿದೆಯೇ, ಬೊಬ್ಬೆ ಎದ್ದಿದೆಯೇ ಎಂದು ನೀನೇ ನೋಡು. ‘ನನಗೇನೂ ಆಗಿಲ್ಲ’ ಎನ್ನುತ್ತಾನೆ, ಕೇಳಬೇಡ. ಈ ನೀರಿಗೆ ಮಂಡಿನೋವು ವಾಸಿಯಾಗುತ್ತದೆಂದು ಅತ್ತಿಗೆಗೆ ಆಸೆ ಹುಟ್ಟಿಸಲೂ ಹೋಗಬೇಡ. ಬಿಸಿಗೆ ಸ್ವಲ್ಪ ಹಾಯೆನಿಸಬಹುದು, ಅಷ್ಟೇ.

ಮೊಸರನ್ನದ ಡಬ್ಬಿ ಜೊತೆಗಿರಲಿ. ಅಣ್ಣನ ಊಟದ ಹೊತ್ತು ತಪ್ಪಬಾರದು. ಬಿಸಿನೀರು, ಹೊಟ್ಟೆತುಂಬ ಊಟ, ಮೇಲೆ ಒಂದೂವರೆ ಗಂಟೆಯ ನೇರ ರಸ್ತೆ, ನಿದ್ದೆಗೆ ಇಷ್ಟು ಸಾಕು. ಅದಕ್ಕೇ ರಾತ್ರಿ ಅಲ್ ಐನ್‌ನಲ್ಲೇ ರೂಮು ಮಾಡು. ಬೆಳಗ್ಗೆ ಊರ ನಡುವಿನ ಖರ್ಜೂರದ ತೋಟಕ್ಕೆ ಹೋಗಿ. ಫಲಜ್ ಎನ್ನುವ ಹಳೆಯ ಕಾಲುವೆಗಳಲ್ಲಿ ಇವತ್ತಿಗೂ ಸರದಿಯಂತೆ ನೀರು ಹಾಯಿಸುತ್ತಾರೆ. ಸಮತಟ್ಟು ದಾರಿ, ನೆರಳು, ಟಿಕೆಟ್ಟೂ ಇಲ್ಲ.