ಕೆಸರೆತ್ತುವ ಕಾಯಕ

2019ರ ಆಗಸ್ಟ್ ಮಾಸದಲ್ಲಿ ವರದೆಯೂ ತುಂಗಭದ್ರೆಯೂ ಉಕ್ಕಿ ಹಾವೇರಿ ಜಿಲ್ಲೆಯ ಹಲವು ಗ್ರಾಮಗಳಿಗೆ ನುಗ್ಗಿದುದನ್ನು ರಾಣೆಬೆನ್ನೂರು ಸೀಮೆಯ ಜನರು ಮರೆತಿರಲಾರರು. ಹೊಳೆಯು ಇಳಿದುಹೋಗುವುದು, ಅದು ತಂದ ಕೆಸರು ಮನೆಯೊಳಗೆ ಉಳಿಯುವುದು. ಹಸಿಯಿರುವಾಗಲೇ ತೆಗೆಯದಿದ್ದರೆ ಎರೆಮಣ್ಣಿನ ರಾಡಿಯು ಒಣಗಿ ಕಲ್ಲಾಗುವುದು. ನೆನೆದ ಮಣ್ಣಿನ ಗೋಡೆಯು ನೀರಿಳಿದ ಮೇಲೂ ಕುಸಿಯಬಹುದಾದುದರಿಂದ ಮೊದಲು ಗೋಡೆಯನ್ನು ನೋಡಿ, ಬಳಿಕ ಸಲಿಕೆಯನ್ನು ಹಿಡಿಯಬೇಕು.

ಇಂತು ಪರರ ಮನೆಯ ರಾಡಿಯನ್ನು ಹೊರುವ ಸದ್ಭಕ್ತನಿಗೆ ಲಭಿಸುವುದಾದರೂ ಏನು? ಕೂಲಿಯಿಲ್ಲ, ಹೆಸರೂ ಇಲ್ಲ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮತಾಯಿಯು ಹೇಳಿದಳೆಂದು ಶರಣಚರಿತೆಯು ಸಾರುವುದು. ಇದನ್ನು ಪ್ರವಚನದಲ್ಲಿ ಕೇಳಿ ತಲೆದೂಗಿದವರು ಅನೇಕರು. ಆದರೆ ಕೆಸರಿನಲ್ಲಿ ದೊರೆತ ಕಾಲುಂಗುರವನ್ನೋ, ಮಗುವಿನ ಪಾಟಿಯನ್ನೋ ತೊಳೆದು ಮನೆಯೊಡತಿಯ ಕೈಗಿತ್ತವನು ಅದರ ಅರ್ಥವನ್ನು ತನ್ನ ಕೈಯಿಂದಲೇ ಅರಿಯುತ್ತಾನೆ. ತನ್ನದಲ್ಲದುದನ್ನು ಮರಳಿಸುವಾಗ ಮನಸ್ಸು ಎಷ್ಟು ಹಗುರವಾಗುವುದೆಂಬುದನ್ನು ಮತ್ತಾರೂ ಅವನಿಗೆ ಕಲಿಸಲಾರರು. (ಉಡುಪು ಕೆಡದಂತೆ ದಂಡೆಯಲ್ಲಿ ನಿಂತು ಹಣ್ಣು ಹಂಚಿ ಬರುವವರ ಮಾತು ಬೇರೆ.) ಮನೆಗೆ ಮರಳಿ ತನ್ನ ಒಣ ನೆಲವನ್ನೂ ತುಂಬಿದ ಕಾಳಿನ ಚೀಲಗಳನ್ನೂ ಕಂಡಾಗ, ಇವು ಎಂದೆಂದಿಗೂ ತನ್ನವೆಂಬ ಹಮ್ಮು ಮೊದಲಿನಂತೆ ತಲೆಯೆತ್ತದು. ಅಂದು ಸಂಜೆ ಇಷ್ಟಲಿಂಗಪೂಜೆಗೆ ಚಾಚಿದ ಅಂಗೈಯಲ್ಲಿ ಸಲಿಕೆಯ ಹಿಡಿ ಎಬ್ಬಿಸಿದ ಬೊಬ್ಬೆಗಳಿರುತ್ತವೆ.