ಹಳೆಯ ಕೋವಿಯ ಹುಟ್ಟೂರು

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯ ಸೀಮೆಯು 1948ರವರೆಗೆ ನಿಜಾಮರ ಆಳ್ವಿಕೆಗೆ ಸೇರಿದ್ದಿತು. ಅಲ್ಲಿನ ಹಳೆಯ ಮನೆಯೊಂದರಲ್ಲಿ ಬಾಯಿಂದ ಮದ್ದು ತುಂಬುವ ಜೋಡುನಳಿಗೆಯ ಕೋವಿ ದೊರೆಯಿತೆಂದು ಭಾವಿಸೋಣ. ಅದನ್ನು ಮಾಡಿದವರಾರು? ಅದು ಬಂದುದೆಲ್ಲಿಂದ?

ಮೊದಲು ಪ್ರಾಣರಕ್ಷಣೆ. ಒಳಗುಳಿದ ಕರಿಮದ್ದು ಒಣಗಿದ್ದರೆ ಎಷ್ಟು ಕಾಲದ ಮೇಲೂ ಸಿಡಿಯಬಲ್ಲುದು. ಕೋವಿಯ ಬಾಯಿಗೆ ಎದುರಾಗದೆ ನಿಂತು, ಮರದ ಕೋಲನ್ನು ಪ್ರತಿ ನಳಿಗೆಯೊಳಕ್ಕೂ ಮೆಲ್ಲನೆ ಇಳಿಸಿ, ಬಾಯಿಯ ಮಟ್ಟದಲ್ಲಿ ಗುರುತು ಮಾಡಿರಿ. ಹೊರತೆಗೆದು ನಳಿಗೆಯ ಮಗ್ಗುಲಲ್ಲಿ ಹಿಡಿದಾಗ ಕೋಲಿನ ತುದಿ ಕಿಡಿ ಹೊಗುವ ರಂಧ್ರದ ಸಮೀಪಕ್ಕೆ ಬಾರದಿದ್ದರೆ ಒಳಗೆ ಮದ್ದಿರಬಹುದು, ಬಲ್ಲವರನ್ನು ಕರೆಯಿರಿ.

ಕುದುರೆಯು ಕೇಪಿನ ಮೇಲೆ ಬಡಿಯುವ ಏರ್ಪಾಡು ಸುಮಾರು 1820ರಿಂದ ಈಚಿನದು. ಕುದುರೆಯ ತಗಡಿನಲ್ಲಿ ಕೊರೆದ ಹೆಸರನ್ನೊಂದನ್ನೇ ನಂಬಲಾಗದು. ಅದು ಮಾರಿದವನದಾಗಿರಬಹುದು, ಪ್ರಸಿದ್ಧರ ಹೆಸರಿನ ನಕಲೂ ಆಗಿರಬಹುದು.

ದೃಢವಾದ ಸಾಕ್ಷಿಯು ನಳಿಗೆಯ ಅಡಿಯಲ್ಲಿದೆ. ವಾಡಿಕೆಗಿಂತ ಹೆಚ್ಚು ಮದ್ದು ಸಿಡಿಸಿದರೂ ತಾಳಿಕೊಂಡ ನಳಿಗೆಗೆ ಪರೀಕ್ಷಾಶಾಲೆಯವರು ಮುದ್ರೆಯೊತ್ತುತ್ತಿದ್ದರು. ಕಿರೀಟದ ಕೆಳಗೆ ಇಂಗ್ಲಿಷಿನ ಜಿ.ಪಿ. ಅಕ್ಷರಗಳಿದ್ದರೆ ಲಂಡನ್, ಕಿರೀಟ, ಅಡ್ಡಲಾದ ರಾಜದಂಡಗಳು ಮತ್ತು ಬಿ.ಪಿ.ಸಿ. ಇದ್ದರೆ 1813ರಲ್ಲಿ ಸ್ಥಾಪಿತವಾದ ಬರ್ಮಿಂಗ್‌ಹ್ಯಾಂ ಶಾಲೆ, ಅಂಡಾಕೃತಿಯೊಳಗೆ ಇ.ಎಲ್.ಜಿ. ಇದ್ದರೆ ಬೆಲ್ಜಿಯಂನ ಲಿಯೇಜ್. ಈ ಅಂಡಾಕೃತಿಯ ಮೇಲೆ ಕಿರೀಟವೂ ಇದ್ದರೆ ಮುದ್ರೆಯು 1893ಕ್ಕಿಂತ ಹಳೆಯದಲ್ಲ. ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿಗಾಗಿ ತಯಾರಾದ ಕೋವಿಗಳ ಗುರುತೇ ಬೇರೆ: ಹುಲಿಪಟ್ಟೆಯ ಅಲಂಕಾರ ಮತ್ತು ಮೌಲೂದಿ ಶಕೆಯ ವರ್ಷ.

ಮುದ್ರೆಯು ಪರೀಕ್ಷೆ ನಡೆದ ಊರನ್ನು ಹೇಳುತ್ತದೆ. ಹೆಸರು ಅದಕ್ಕೆ ಹೊಂದಿದರೆ ಮಾತ್ರ ತಯಾರಕನತ್ತ ದಾರಿ ತೆರೆಯುತ್ತದೆ. ಆದುದರಿಂದ ತುಕ್ಕು ಕಂಡೊಡನೆ ಇಟ್ಟಿಗೆಪುಡಿಯಿಂದ ಉಜ್ಜದಿರಿ. ಅಳಿದ ಮುದ್ರೆಯನ್ನು ಯಾರೂ ಮರಳಿ ಓದಿಸಲಾರರು.